ಬಾಗಿಲ ಮೇಲೆ ಎರಡು ಬಡಿತ

ಹದಿನೇಳನೆಯ ಕೊಡ ತುಂಬುವ ಹೊತ್ತಿಗೆ ತಾನು ಎಣಿಸುತ್ತಿದ್ದೇನೆಂಬುದು ಇನಾಯತನ ಅರಿವಿಗೆ ಬಂತು. ಎಣಿಸೆಂದು ಯಾರೂ ಹೇಳಿರಲಿಲ್ಲ. ಲಕ್ಷ್ಮೇಶ್ವರದ ಆ ಓಣಿಗೆ ಒಂಬತ್ತು ದಿನಗಳ ಮೇಲೆ ನೀರು ಬಂದಿತ್ತು. ನಳದ ಕಟ್ಟೆಯಿಂದ ಹಿಟ್ಟಿನ ಗಿರಣಿಯ ಮೂಲೆಯವರೆಗೂ ಕೊಡಗಳ ಪಾಳಿ: ಸ್ಟೀಲಿನವು, ತಾಮ್ರದವು, ಹಸಿರು ಕೆಂಪು ಪ್ಲಾಸ್ಟಿಕ್ಕಿನವು, ನಡುವೆ ಕುತ್ತಿಗೆ ಸೀಳಿ ಬಟ್ಟೆ ಸುತ್ತಿಸಿಕೊಂಡ ಒಂದು ಮುದಿ ಕೊಡ. ಪೈಪು ಹಿಡಿಯುವ ಸರದಿ ಇವತ್ತು ಅವನ ಮನೆಯದು. ಹೆಂಡತಿ ನಜಮಾಳ ಮುಂಗೈ ಉಳುಕಿದ್ದರಿಂದ ಅವನೇ ಬಂದಿದ್ದ. ಗಂಡಸೊಬ್ಬ ಪೈಪು ಹಿಡಿದದ್ದು ಹೆಂಗಸರಿಗೆ ಹಬ್ಬವಾಗಿತ್ತು. ಒಂದು ಕೊಡದ ಬಾಯಿಂದ ಇನ್ನೊಂದಕ್ಕೆ ಪೈಪು ದಾಟಿಸುವಾಗ ನೀರು ನೆಲಕ್ಕೆ ಬಿತ್ತೆಂದರೆ ಸಾಕು, ಹಿಂದಿನಿಂದ ಯಾರೋ “ಸಮುದ್ರ ಅಲ್ರಿ ಇದು, ಕ್ಯಾಪ್ಟನ್ ಸಾಹೇಬ್ರ” ಅನ್ನುವುದು, ಉಳಿದವರು ಸೆರಗು ಬಾಯಿಗಿಟ್ಟು ನಗುವುದು. ಅವನೂ ನಗುತ್ತಿದ್ದ. ಹದಿನೆಂಟು, ಹತ್ತೊಂಬತ್ತು. ಎಣಿಕೆ ಇಪ್ಪತ್ತಾರಕ್ಕೆ ಹೋಗಿ ನಿಲ್ಲುತ್ತದೆ, ಅದರ ಮುಂದಿನ ಕೊಡದಿಂದ ಮತ್ತೆ ಒಂದರಿಂದ ಶುರುವಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹದಿನಾಲ್ಕು ತಿಂಗಳಿಂದ ಹೀಗೇ ಆಗಿದೆ. ಬಸ್ಸಿನ ಕಿಟಕಿಗಳು, ಮದುವೆಯ ಊಟದ ಪಂಕ್ತಿ, ತಂತಿಯ ಮೇಲಿನ ಗುಬ್ಬಿಗಳು, ಎಲ್ಲ ಇಪ್ಪತ್ತಾರಕ್ಕೆ ನಿಲ್ಲುತ್ತವೆ. ಮತ್ತು ಎಲ್ಲಿ ಎಣಿಸಿದರೂ ಒಂದು ಕಡಿಮೆ ಬಿದ್ದಂತೆ ಅನ್ನಿಸುತ್ತದೆ.

“ಏ ತಮ್ಮಾ, ನನ್ನ ಕೊಡಾ ಏನ್ ಪಾಪ ಮಾಡಿತ್ತೋ?”

ಉಡಚವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎದುರು ಮನೆಯ ಮುದುಕಿ. ಎಮ್ಮೆಗೆ ಮೇವು ಹಾಕಲು ಹೋದವಳು ಬರುವಷ್ಟರಲ್ಲಿ ಅವನ ಪೈಪು ಅವಳ ಕೊಡವನ್ನು, ಅದೇ ಬಟ್ಟೆ ಸುತ್ತಿದ ಕೊಡವನ್ನು, ದಾಟಿ ಮುಂದೆ ಹೋಗಿಬಿಟ್ಟಿತ್ತು. ಅದರ ಹಿಂದೆ ಯಾರೂ ನಿಂತಿರಲಿಲ್ಲ. ಅವನು ನೋಡಿದ್ದು ಅಷ್ಟೆ. ಆದರೆ ಓಣಿಯ ಕಾಯಿದೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಕೊಡ ಇಟ್ಟವಳು ಅಲ್ಲಿ ನಿಂತಿರಲೇಬೇಕೆಂದಿಲ್ಲ. ಕೊಡ ಪಾಳಿಯಲ್ಲಿದ್ದರೆ ಅವಳು ಇದ್ದಂತೆ. ಹೆರಿಗೆಗೆ ಹೋದವಳ ಕೊಡವನ್ನೂ ಈ ಓಣಿ ತುಂಬಿಸಿ ಬದಿಗಿಟ್ಟಿದೆ. ಮೂರು ವರ್ಷದ ಕೂಸಿಗೂ ತಿಳಿದ ಮಾತು ಇದು.

“ಕಣ್ಣಿಗೆ ಬೀಳಲಿಲ್ಲ ಆಯಿ.”

“ಕೊಡಾ ಬಿದ್ದಿಲ್ಲೋ, ನಾ ಬಿದ್ದಿಲ್ಲೋ? ನಾ ಇಲ್ಲಂದ್ರ ಏನಾತು, ನನ್ನ ಪಾಳಿ ಇತ್ತಲ್ಲ!” ಎಂದು ಉಡಚವ್ವ ಕೊಡವನ್ನು ಮುಂದೆ ತಳ್ಳಿದಳು. “ಇಪ್ಪತ್ತೈದು ಮಂದಿನ್ನ ಉಳಿಸ್ಯಾನಂತ, ಒಂದು ಕೊಡಾ ಬಿಟ್ಟ.”

ಎಲ್ಲರೂ ನಕ್ಕರು. ಅವಳು ಬೇಕೆಂದು ಅಂದದ್ದಲ್ಲ, ಬಾಯಿಗೆ ಬಂದದ್ದು ಅಂದಳು. ಇನಾಯತನ ಕೈಯಲ್ಲಿದ್ದ ಪೈಪು ಮಾತ್ರ ಒಮ್ಮೆ ಎತ್ತಲೋ ತಿರುಗಿ ಅವನ ಪಾಯಜಾಮಾದ ಮೊಳಕಾಲು ತೋಯಿಸಿತು. ತಣ್ಣಗಿತ್ತು.

ಆ ಇಪ್ಪತ್ತೈದು ಮಂದಿಯ ಬೋಟು ಕಿತ್ತಳೆ ಬಣ್ಣದ್ದು. ತೆರೆದ ದೋಣಿಯಲ್ಲ, ಮೇಲೆ ಕೆಳಗೆ ಎಲ್ಲ ಕಡೆ ಮುಚ್ಚಿದ್ದು. ಮೊದಲ ಸಲ ಒಳಗೆ ಹೊಕ್ಕಾಗ ಅವನಿಗೆ ಶೇಂಗಾಕಾಯಿಯ ನೆನಪಾಗಿತ್ತು. ಸಿಪ್ಪೆಯೊಳಗೆ ಎರಡೂ ಬದಿ ಮನುಷ್ಯರು ಮೊಳಕಾಲಿಗೆ ಮೊಳಕಾಲು ತಾಗಿಸಿ ಕಾಳುಗಳ ಹಾಗೆ ಕೂಡುತ್ತಾರೆ, ಎದೆಯ ಮೇಲೆ ಪಟ್ಟಿ ಬಿಗಿದುಕೊಳ್ಳುತ್ತಾರೆ. ನಡುವೆ, ಎಲ್ಲರಿಗಿಂತ ಎತ್ತರದಲ್ಲಿ, ತಲೆಯ ಸುತ್ತ ಸಣ್ಣ ಸಣ್ಣ ಗಾಜಿನ ಕಿಟಕಿಗಳಿರುವ ಗೂಡಿನಲ್ಲಿ ಕಾಕ್ಸನ್ ಕೂಡುತ್ತಾನೆ, ಎಂದರೆ ಆ ಬೋಟಿನ ಯಜಮಾನ. ಮುಂಬಯಿಯಿಂದ ಹೆಲಿಕಾಪ್ಟರಿನಲ್ಲಿ ಒಂದು ತಾಸಿನ ದೂರ, ಸಮುದ್ರದ ನಡುವೆ ಉಕ್ಕಿನ ಕಾಲುಗಳ ಮೇಲೆ ನಿಂತ ಎಣ್ಣೆಯ ಪ್ಲಾಟ್‌ಫಾರ್ಮಿನ ಬದಿಗೆ, ಅಪಾಯ ಬಂದರೆ ಮಂದಿ ಪಾರಾಗಲೆಂದು ತೂಗುಹಾಕಿದ ಬೋಟು ಅದು. ಅಲ್ಲಿ ಇನಾಯತ ಕ್ರೇನಿನ ಕೆಲಸದವನು. ಇಪ್ಪತ್ತೆಂಟು ದಿನ ನೀರಿನ ಮೇಲೆ, ಇಪ್ಪತ್ತೆಂಟು ದಿನ ಓಣಿಯಲ್ಲಿ. ಗಾಡಿ ಹೊಡೆದ ಕೈಯೆಂದು ಬೋಟಿನ ತರಬೇತಿಗೂ ಅವನನ್ನೇ ಕಳಿಸಿದರು. ಅಲ್ಲಿನ ಮಾಸ್ತರರು ಗೋವಾದವರು, ದಿನಕ್ಕೆ ಹತ್ತು ಸಲ ಒಂದೇ ಮಾತು ಹೇಳುತ್ತಿದ್ದರು: ಬೋಟಿನೊಳಗೆ ಒಂದೇ ಧ್ವನಿ ಇರಬೇಕು, ಅದು ನಿನ್ನದು. ಮಂದಿ ಅಳಲಿ, ದೇವರನ್ನು ಕರೆಯಲಿ, ನಿನ್ನನ್ನು ಬೈಯಲಿ, ನೀನು ಮಾತ್ರ ಬೆಳಗಿನ ಚಹಾ ಕೇಳುವವನ ಹಾಗೆ ಮಾತಾಡಬೇಕು.

ಅವನು ಹಾಗೇ ಮಾತಾಡಿದ್ದ. ಅದರಲ್ಲಿ ಯಾರೂ ತಪ್ಪು ಹುಡುಕಲಾರರು. ಆಗಸ್ಟ್ ತಿಂಗಳು, ಬೆಳಿಗ್ಗೆ ಹನ್ನೊಂದಕ್ಕೆ ಗ್ಯಾಸು ಸೋರಿ ಗಂಟೆ ಹೊಡೆದಾಗ ಎರಡನೆಯ ಮಿನಿಟಿಗೆ ಅವನು ಗೂಡಿನಲ್ಲಿದ್ದ. ಒಬ್ಬೊಬ್ಬರಾಗಿ ಬಂದರು. ಬೆನ್ನು ಹಿಂದಕ್ಕೆ, ತಲೆ ಹಿಂದಕ್ಕೆ, ಪಟ್ಟಿ ಬಿಗೀರಿ, ಪಕ್ಕದವನ ಪಟ್ಟಿ ನೋಡಿರಿ. ಎಂದೂ ಸಲಾಮಿಗೆ ಸಲಾಮು ಹಿಂದಿರುಗಿಸದ ದೊಡ್ಡ ಎಂಜಿನಿಯರು ಅವನ ಬೂಟನ್ನು ಮಗುವಿನಂತೆ ಹಿಡಿದುಕೊಂಡು ಕೂತದ್ದೂ ನೆನಪಿದೆ. ಬೋಟು ನೀರಿಗೆ ತಾಗಿದ್ದು, ಕೊಕ್ಕೆ ಬಿಡಿಸಿದ್ದು, ಎಂಜಿನ್ನು ಮೊದಲ ಏಟಿಗೆ ಹೊತ್ತಿಕೊಂಡದ್ದು, ಗಾಳಿಗೆ ಎದುರಾಗಿ ತಿರುಗಿಸಿದ್ದು. ತೆರೆಗಳನ್ನು ನೇರ ಎದುರಿಸದೆ ಓರೆಯಾಗಿ ಹತ್ತಿಸಿ ಇಳಿಸಿದ. ಮುಂಡರಗಿ ರಸ್ತೆಯ ತಗ್ಗುಗಳಲ್ಲಿ ಕಲಿತ ವಿದ್ಯೆ ಅದು. ನಾಲ್ಕು ತಾಸು ಹಾಗೇ ತೇಲಿದರು. ಇಪ್ಪತ್ತೈದೂ ಜನ ಒಬ್ಬರ ಮೇಲೊಬ್ಬರು ವಾಂತಿ ಮಾಡಿಕೊಂಡರು. ಕೊನೆಗೆ ಬೆಂಕಿಯೂ ಹತ್ತಲಿಲ್ಲ, ಏನೂ ಸಿಡಿಯಲಿಲ್ಲ, ಗ್ಯಾಸಿನ ಕೊಳವೆಯನ್ನು ಯಾರೋ ಮುಚ್ಚಿದರು. ಊರಿಗೆ ಬಂದಾಗ ಓಣಿಯ ಯುವಕ ಸಂಘದವರು ಶಾಲು ಹೊದಿಸಿ, ಹಾರ ಹಾಕಿ, ಪಟ ತೆಗೆಸಿ, ಚೌಕಟ್ಟು ಹಾಕಿಸಿ ಕೊಟ್ಟರು. ಪಟದಲ್ಲಿ ಅವನ ಬಾಯಿ ಸ್ವಲ್ಪ ತೆರೆದಿದೆ. ಏನೋ ಹೇಳಲು ಹೊರಟವನ ಹಾಗೆ.

ಬೋಟಿನಲ್ಲಿ ಅವನನ್ನು ಬಿಟ್ಟು ಕೂಡುವವರಿಗೆ ಇಪ್ಪತ್ತಾರು ಜಾಗ. ಇಪ್ಪತ್ತಾರನೆಯದು ಡೋಣಿ ಎಂಬ ಊರಿನ ನಂದೀಶನದು.

ನಂದೀಶನನ್ನು ಸಮುದ್ರಕ್ಕೆ ಕರೆದೊಯ್ದವನೂ ಅವನೇ. ಅದಕ್ಕೂ ಮೊದಲು, ಗದಗ ಹೊಸದಾಗಿ ಜಿಲ್ಲೆಯಾದ ವರ್ಷಗಳಲ್ಲಿ, ಲಕ್ಷ್ಮೇಶ್ವರದಿಂದ ಶಿರಹಟ್ಟಿಯ ಮೇಲೆ ಮುಂಡರಗಿಗೆ ಇನಾಯತ ಟ್ರ್ಯಾಕ್ಸ್ ಹೊಡೆಯುತ್ತಿದ್ದಾಗ ನಂದೀಶ ಅದರ ಕ್ಲೀನರು. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವನಾದರೂ ಡ್ರೈವರನ ಗೌರವಕ್ಕೆ ‘ಉಸ್ತಾದ’ ಎನ್ನುತ್ತಿದ್ದ, ಈಗಲೂ ಹಾಗೇ. ಹತ್ತು ಮಂದಿಯ ಗಾಡಿಗೆ ಹತ್ತೊಂಬತ್ತು ಮಂದಿ. ಹಿಂದಿನ ಕನ್ನಡಿಯಲ್ಲಿ ಮಂದಿಯ ಬೆನ್ನು, ಕೋಳಿ, ಗೋಣಿಚೀಲ ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ. ಆದ್ದರಿಂದ ಡ್ರೈವರ್ ನೋಡುವುದನ್ನೇ ಬಿಟ್ಟು ಕೇಳುತ್ತಿದ್ದ. ಗಾಡಿಯ ಮೈಮೇಲೆ ಅಂಗೈಯಿಂದ ಒಂದು ಏಟು ಬಿದ್ದರೆ ನಿಲ್ಲಬೇಕು. ಎರಡು ಬಿದ್ದರೆ ಹೊರಡಬೇಕು. ಎರಡು ಏಟು ಹಾಕಿದ ಮೇಲೂ ನಂದೀಶ ಕೆಳಗೇ ಇರುತ್ತಿದ್ದ, ಬೀಡಿಯ ಕೊನೆಯ ದಮ್ಮು ಎಳೆಯುತ್ತ. ಗಾಡಿ ಹೊರಟ ಮೇಲೆ ನಾಲ್ಕು ಹೆಜ್ಜೆ ಓಡಿ ಹಿಂದಿನ ಏಣಿಗೆ ಜೋತುಬೀಳುವುದೇ ಅವನ ಶೋಕಿ. ಐದು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಕೊಂಡವನಲ್ಲ. ಇನಾಯತನ ಬಲಗಾಲು ಆ ಎರಡು ಏಟಿಗೆ ಎಷ್ಟು ಒಗ್ಗಿತ್ತೆಂದರೆ, ಮನೆಯಲ್ಲಿ ನಜಮಾ ರೊಟ್ಟಿ ತಟ್ಟುವಾಗಲೂ ಒಮ್ಮೊಮ್ಮೆ ಕಾಲು ತಾನಾಗಿ ನೆಲ ಒತ್ತುತ್ತಿತ್ತು.

ಬೋಟಿನ ಬಾಗಿಲು ಗೂಡಿನ ಹಿಂದೆ, ಕೆಳಗೆ. ಹತ್ತು ಮಿನಿಟು ಕಾಯಬೇಕೆಂಬುದು ಕಾಯಿದೆ. ಎಂಟಾಗಿತ್ತು. ಇಪ್ಪತ್ತೈದು ಜನ ಕೂತಿದ್ದರು, ಹೊರಗೆ ಗ್ಯಾಸಿನ ಸೀಟಿ, ಒಳಗೆ ನಾಲ್ಕೈದು ಭಾಷೆಯ ದೇವರು. ಯಾರೋ ಬಾಗಿಲು ಹಾಕಿ ಚಿಲಕ ತಿರುಗಿಸಿದರು. ಆಗ ಬೋಟಿನ ಮೈಮೇಲೆ ಅಂಗೈಯಿಂದ ಎರಡು ಏಟು ಬಿದ್ದವು. ಧಪ್, ಧಪ್. ಅವನ ಕೈ ಬ್ರೇಕು ಬಿಡಿಸುವ ತಂತಿಯನ್ನು ಎಳೆಯಿತು, ಬೋಟು ಇಳಿಯತೊಡಗಿತು.

ಆಮೇಲೆ ವಿಚಾರಣೆಯ ಕೋಣೆಯಲ್ಲಿ ತಂಪು ಗಾಳಿ ಬೀಸುತ್ತಿತ್ತು. ಅಧಿಕಾರಿ ಬಹಳ ಸಭ್ಯ ಮನುಷ್ಯ; ಬಿಸ್ಕೀಟಿನ ತಟ್ಟೆಯನ್ನು ಮುಂದೆ ಸರಿಸಿ, ಬಾಗಿಲು ಹಾಕಿದ ಮೇಲೆ ಹೊರಗೆ ಯಾರಾದರೂ ಇದ್ದದ್ದು ನಿಮಗೆ ತಿಳಿಯಿತೇ ಎಂದು ಕೇಳಿದ. ಇನಾಯತನ ಬಾಯಿಯಲ್ಲಿ ಬಿಸ್ಕೀಟಿತ್ತು. ನುಂಗುವಷ್ಟರಲ್ಲಿ ಏನೇನೋ ಯೋಚನೆ ಬಂತು. ಈ ಮನುಷ್ಯನಿಗೆ ಟ್ರ್ಯಾಕ್ಸ್ ಎಂದರೇನೆಂದು ಹೇಳುವುದು ಹೇಗೆ? ಕೋಳಿ, ಗೋಣಿಚೀಲ, ಹಿಂದಿನ ಏಣಿ? ಅಷ್ಟು ದೊಡ್ಡ ಕಂಪನಿಯ ಬೋಟನ್ನು ಮುಂಡರಗಿ ಲೈನಿನ ಕ್ಲೀನರನ ಕೈಸದ್ದಿಗೆ ಬಿಟ್ಟೆನೆಂದರೆ ಮೇಜಿನ ಸುತ್ತಲಿನ ಐವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಗು ತಡೆದುಕೊಂಡು ಕೆಮ್ಮುತ್ತಾರೆ. ಅವನಿಗೆ ನೌಕರಿಯ ಭಯವಿರಲಿಲ್ಲ, ಆ ಕೆಮ್ಮಿನ ಭಯವಿತ್ತು. ಇಲ್ಲ ಸರ್ ಎಂದ. ಹತ್ತು ಮಿನಿಟು ಕಾದೆ, ಏನೂ ಕೇಳಿಸಲಿಲ್ಲ ಎಂದ. ಇನ್ನೊಂದು ಬಿಸ್ಕೀಟು ತೆಗೆದುಕೊಳ್ಳಿ ಎಂದರು. ತೆಗೆದುಕೊಂಡ.

“ಏ ನೋಡ್ರಿ, ನಿಮ್ಮ ಬೋಟ್ ತಪ್ಪಿಸಿಕೊಂಡಾವ ಬಂದ!” ಎಂದು ಯಾರೋ ಕೂಗಿದರು.

ಓಣಿಯ ತಿರುವಿನಲ್ಲಿ ನಂದೀಶ ಬರುತ್ತಿದ್ದ. ಹೆಗಲ ಮೇಲೆ ಚೀಲ, ಬಾಯ ತುಂಬ ನಗು. ಬೆಳಗಿನ ಮೊದಲ ಬಸ್ಸಿಗೆ ಡೋಣಿ ಬಿಟ್ಟು, ಗದಗಿನಲ್ಲಿ ಬಸ್ಸು ಬದಲಿಸಿ ಬಂದಿದ್ದ. ಅವನು ನೀರಿನಿಂದ ಬದುಕಿ ಬಂದ ಕಥೆ ಈ ಓಣಿಗೆ ಗೊತ್ತಿದ್ದದ್ದೇ, ಆದರೂ ಪಾಳಿಯಲ್ಲಿ ನಿಂತವರಿಗೆ ಹೊತ್ತು ಹೋಗಬೇಕಲ್ಲ.

“ಹೇಳಪಾ ನಂದೀಶ, ಹೆಂಗ ಜಿಗದಿ?” ಎಂದಳು ಉಡಚವ್ವ.

“ಜಿಗಿಯೂದೆಲ್ಲಿ ಬಂತು ಆಯಿ, ಜಾರಿಬಿದ್ದೆ! ಮೊದಲ ಕೇಳ್ರಿ. ನಾ ಓಡಿ ಬಂದೆ. ಬಾಗಲಾ ಹಾಕಿತ್ತು. ಧಪ್ ಧಪ್ ಬಡದೆ. ಬೋಟ್ ನನ್ನ ಮಾರಿ ನೋಡಿ ಸರ್ರಂತ ಇಳೀತು. ನಮ್ಮೂರ ಹೆಸರ ಡೋಣಿ, ನನಗ ಒಂದು ದೋಣಿ ಸಿಗಲಿಲ್ಲ. ಕೆಳಗಿನ ಮೆಟ್ಟಲ ತನಕ ಇಳದೆ, ಒಂದು ತೆರಿ ಬಂತು, ಬಾರಪಾ ಅಳಿಯಾ ಅಂತ ಕರಕೊಂಡು ಹೋತು. ಈಜ ಬರೂದಿಲ್ಲ, ಎದಿಗೆ ಒಂದು ಜಾಕೀಟ. ತಾಸ ಅಂದ್ರೂ ತೇಲೇನಿ. ಆಮ್ಯಾಲೆ ಕಾವಲಿನ ಹಡಗದಾವ್ರು ಎತ್ತಿ ಒಂದು ಚಾ ಕೊಟ್ರು. ಆಹಾ, ಅದು ಚಾ ಅಲ್ಲವಾ, ಮುಸುರಿ ತೊಳದ ನೀರು!”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಪ್ಪತ್ತೈದನೆಯ ಕೊಡ ತುಂಬಿ ಹೊರಚೆಲ್ಲಿತು.

ಮನೆಯೊಳಗೆ ನಂದೀಶ ಚೀಲ ಬಿಚ್ಚಿದ. ಹೊಲದಿಂದ ಆಗಷ್ಟೇ ಕಿತ್ತ ಹಸಿ ಶೇಂಗಾ, ಮಣ್ಣು ಇನ್ನೂ ಅಂಟಿಕೊಂಡಿತ್ತು. ಅವನ ಹೆಂಡತಿ ಕಾಂಚನಾ ಕಟ್ಟಿಕೊಟ್ಟ ಅಗಸಿ ಹಿಂಡಿಯ ಡಬ್ಬಿ. ನಜಮಾ ಎಡಗೈಯಿಂದಲೇ ಚಹಾ ಮಾಡಿ ತಂದಳು. ನಂದೀಶ ಒಂದು ಗುಟುಕು ಕುಡಿದು, “ಇದು ನೋಡವಾ ಚಾ ಅಂದ್ರ” ಎಂದ. ಆಮೇಲೆ ಜೇಬಿನಿಂದ ಮಡಚಿದ ಕಾಗದ ತೆಗೆದು ಮೊಳಕಾಲ ಮೇಲೆ ಸವರಿ ನೆಟ್ಟಗೆ ಮಾಡಿದ. ಕೆಲಸದಿಂದ ಬಿಡಿಸಿದಾಗ ಗುತ್ತಿಗೆದಾರ ಕೊಟ್ಟ ಕಾಗದ. ಇನಾಯತ ಅದನ್ನು ಓದಬೇಕಾಗಿರಲಿಲ್ಲ. ಅಪಾಯದ ವೇಳೆಯಲ್ಲಿ ಸಕಾಲಕ್ಕೆ ಬೋಟಿನ ಬಳಿ ಹಾಜರಾಗಲಿಲ್ಲ ಎಂದಿತ್ತು ಅದರಲ್ಲಿ.

“ಉಸ್ತಾದ, ಹೊಸಾ ಕಂಪನ್ಯಾಗ ಕರದಾರ. ಕಪ್ಪತಗುಡ್ಡದ ಮ್ಯಾಲೆ ಕರೆಂಟಿನ ಗಾಳಿಪಂಖಾ ಕಾಯ್ದು ಕಾಯ್ದು ನನ್ನ ತಲೀನೂ ತಿರಗಾಕತ್ತೈತಿ. ಆದ್ರ ಈ ಕಾಗದ ನೋಡಿ ಅವರು ಒಂದು ಮಾತ ಕೇಳಿದ್ರು. ಆ ಬೋಟಿನ ಯಜಮಾನ ಯಾರಿದ್ದ, ಅವನ ಕಡಿಂದ ನಾಕು ಸಾಲ ಬರಸಿ ಅಲ್ಲಿ ಕಚೇರಿಗೆ ಕಳಸು ಅಂದ್ರು. ಈ ಮನಷ್ಯಾ ಹಂಗ ವ್ಯಾಳ್ಯಾ ತಪ್ಪಸಾವಲ್ಲ, ಅವತ್ತೊಂದು ದಿನ ಹಂಗಾತು ಅಂತ ಬರದ್ರ ಸಾಕು. ನೀವು ಬರದ್ರ ನಡೀತೈತಿ.”

ಇನಾಯತ ಶೇಂಗಾಕಾಯಿಯೊಂದನ್ನು ಒಡೆದ. ಒಳಗೆ ಎರಡು ಕಾಳು, ಎಳೆಯವು, ಗುಲಾಬಿ ಬಣ್ಣದವು. ಹೌದು, ನಾಲ್ಕು ಸಾಲು ಬರೆದುಬಿಡಬಹುದು. ಅವತ್ತೊಂದು ದಿನ ಹಾಗಾಯಿತು. ಅದರಲ್ಲಿ ಸುಳ್ಳೇನಿದೆ? ನಂದೀಶನಿಗೆ ಕೆಲಸ ಸಿಗುತ್ತದೆ, ನಾಳೆಯ ರೈಲಿಗೆ ತಾನು ಮತ್ತೆ ಅದೇ ಗೂಡಿಗೆ ಹೋಗುತ್ತೇನೆ, ಗೋಡೆಯ ಮೇಲಿನ ಪಟ ಗೋಡೆಯ ಮೇಲೇ ಇರುತ್ತದೆ. ಇದಕ್ಕಿಂತ ಹಗುರ ದಾರಿ ಇನ್ನಾವುದು? ಶಿರಹಟ್ಟಿಯ ಕಚೇರಿಯ ಮುಂದೆ ಟೈಪು ಮಾಡುವವನ ಹತ್ತಿರ ಅವನು ಮೂರು ಸಲ ಹೋಗಿದ್ದ. ಖರೆ ಮಾತನ್ನು ಇಂಗ್ಲಿಷಿನಲ್ಲಿ ಬರೆಸಿಬಿಡಬೇಕೆಂದು. ಮೂರು ಸಲವೂ ಆ ಮನುಷ್ಯ ಕನ್ನಡಕದ ಮೇಲಿನಿಂದ ಕಣ್ಣೆತ್ತಿ “ಹೇಳ್ರಿ, ಏನ್ ಬರೀಲಿ?” ಎಂದಾಗ ಬಾಯಿಗೆ ಬೇರೇನೋ ಬಂತು. ಹಾಗಾಗಿ ಮನೆಯಲ್ಲಿ ಈಗ ಮೂರು ವಾಸಸ್ಥಳದ ಅರ್ಜಿಗಳಿವೆ, ಯಾವುದಕ್ಕೂ ಬೇಕಾಗಿಲ್ಲದವು.

“ಬರೀತೇನಿ ತಗೋ,” ಎಂದ. “ಹಾಳಿ ಎಲ್ಲೈತಿ, ನಜಮಾ?”

ನಜಮಾ ಸ್ಟೂಲು ಎಳೆದು ಹತ್ತಿ ಗೋಡೆಯ ಪಟವನ್ನು ಒಂದೇ ಕೈಯಿಂದ ಇಳಿಸಿ ತಂದು ಅವನ ಮುಂದೆ ಬೋರಲು ಹಾಕಿದಳು. ಶಾಲು, ಹಾರ, ತೆರೆದ ಬಾಯಿ ಎಲ್ಲ ಚಾಪೆಗೆ ಮುಖವಿಟ್ಟವು. ಹಿಂದಿನ ರಟ್ಟಿನ ಮೊಳೆಗಳು ಸಡಿಲವಾಗಿದ್ದವು.

“ಬರದದ್ದು ಐತಲ್ಲ,” ಎಂದಳು. “ಹೊಸಾದು ಯಾಕ?”

“ನಿನಗ್ಯಾರ ಹೇಳಿದ್ರು?”

“ಯಾರ ಹೇಳಬೇಕ್ರಿ? ನೀವು ಊರಿಗೆ ಬಂದಾಗೊಮ್ಮೆ ಪಟ ಒಂದ ಕಡೆ ವಾರಿ ಆಗಿರತೈತಿ. ಮೊದಲ ಹಲ್ಲಿ ಅಂದಕೊಂಡೆ. ಆಮ್ಯಾಲೆ ತಗದು ಓದಿದೆ. ಆರು ಸಲ ಓದೇನಿ. ಆರೂ ಸಲ ನೀವು ರೈಲ ಹತ್ತಿದ ಮ್ಯಾಲೆ ಬಂದು ನೋಡೇನಿ, ಟಪಾಲಿಗೆ ಹಾಕಿ ಹೋಗ್ಯಾರೇನು ಅಂತ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನೀರು ಬರುವ ದಿನ ಕೇಳುವವಳ ಹಾಗಿತ್ತು. “ಈ ಸಲ ಪಾಳಿ ಬಂದೈತಿ. ಓದ್ರಿ ಅವರಿಗೆ.”

ರಟ್ಟಿನ ಹಿಂದಿನಿಂದ ಅವನು ಕಾಗದ ತೆಗೆದ. ಕನ್ನಡದಲ್ಲೇ ಬರೆದಿದ್ದ, ಅಧಿಕಾರಿ ಬೇಕಾದರೆ ಯಾರಿಂದಲಾದರೂ ಓದಿಸಿಕೊಳ್ಳಲಿ ಎಂದು. ಬೆಳಗಿನ ಚಹಾ ಕೇಳುವವನ ಧ್ವನಿಯಲ್ಲಿ ಓದಿದ. ನಂದೀಶ ವೇಳೆಗೆ ಬಂದಿದ್ದ. ಆಗ ಎಂಟನೆಯ ಮಿನಿಟು. ಹತ್ತರವರೆಗೆ ನಾನು ಕಾಯಬೇಕಾಗಿತ್ತು, ಕಾಯಲಿಲ್ಲ. ಅವನು ಬೋಟಿನ ಬಾಗಿಲನ್ನು ಎರಡು ಸಲ ಬಡಿದದ್ದು ನನಗೆ ಕೇಳಿಸಿತು. ಹೊರಡು ಎಂದು ತಿಳಿದು ಹೊರಟೆ. ಮೊದಲು ನಾವು ಒಂದು ಗಾಡಿಯಲ್ಲಿ ಕೆಲಸಕ್ಕಿದ್ದೆವು, ಅಲ್ಲಿ ಹಾಗೇ ರೂಢಿ. ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು.

ಹೊರಗೆ ಉಡಚವ್ವ ಯಾರನ್ನೋ ಬೈಯುತ್ತಿದ್ದಳು. ನಳ ನಿಂತಿರಬೇಕು.

ನಂದೀಶನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯುವುದನ್ನು ಮರೆತವರ ಹಾಗೆ. “ಅಂದ್ರ ನಾ ವ್ಯಾಳ್ಯಾಕ್ಕ ಬಂದಿದ್ದೆ?” ಎಂದ.

“ಬಂದಿದ್ದಿ.”

“ಖರೆ ಹೇಳ್ರಿ.”

“ಎಂಟನೇ ಮಿನಿಟಿಗೆ. ಗಡಿಯಾರ ನೋಡೇನಿ.”

“ನನ್ನ ಹೆಂಡ್ತಿ ನನಗ ಏನಂತಾಳ ಗೊತ್ತೈತೇನು? ಬೋಟ್ ಬಂದ್ರೂ ಎದ್ದೇಳದಾವ ಅಂತಾಳ. ಮಗಳ ಸಾಲ್ಯಾಗೂ ಅದ ಮಾತು. ನಾನೂ ಹಂಗ ಅಂದಕೊಂಡಿದ್ದೆ ಉಸ್ತಾದ. ಬೂಟಿನ ದಾರಾ ಕಟ್ಟಕೋತ ನಿಂತೆ, ಅದಕ್ಕ ತಡಾ ಆತು ಅಂತ. ಕನಸಿನ್ಯಾಗ ಬರೇ ದಾರಾ ಕಟ್ಟೂದ ಕಾಣತೈತಿ. ಒಂದು ಕಟ್ಟಿದ್ರ ಇನ್ನೊಂದು ಬಿಚ್ಚತೈತಿ.” ಅವನು ತನ್ನ ಪಾದ ನೋಡಿಕೊಂಡ. ಕಾಲಲ್ಲಿ ಹವಾಯಿ ಚಪ್ಪಲಿಯ ಗುರುತು. “ಅವತ್ತ ನಾ ದಾರಾನ ಕಟ್ಟಿರಲಿಲ್ಲ. ಈಗ ನೆನಪಾತು. ಹಂಗ ಓಡಿ ಬಂದಿದ್ದೆ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಕಾಗದದಲ್ಲಿ ಇದ್ದದ್ದು ಇಷ್ಟೆ. ಹದಿನಾಲ್ಕು ತಿಂಗಳ ಹಿಂದೆ ಇದನ್ನು ಬರೆದು ಮಡಚಿದಾಗ ಎಲ್ಲ ಬರೆದೆನೆಂದೇ ಇನಾಯತ ನಂಬಿದ್ದ. ಆದರೂ ಅಂಚೆಗೆ ಹಾಕಲು ಕೈ ಬಾರದೆ ಇದ್ದದ್ದೇಕೆಂದು ಈಗ, ನಂದೀಶನ ಪಾದ ನೋಡುತ್ತ, ತಿಳಿಯಿತು. ಬೋಟಿಗೆ ಎಂಜಿನ್ನಿದ್ದದ್ದು ನೀರಿನ ಮೇಲೆ ಓಡಲು. ಮೇಲಿನಿಂದ ನೀರಿಗೆ ಇಳಿಯುವುದು ತನ್ನ ಭಾರಕ್ಕೆ ತಾನೇ. ತಂತಿ ಎಳೆದು ಹಿಡಿದಷ್ಟು ಹೊತ್ತು ಇಳಿಯುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

“ಇನ್ನೊಂದೈತಿ,” ಎಂದ. “ಒಂದು ಮಾರು ಇಳಿದಿದ್ದೆ. ಕಿಟಕ್ಯಾಗ ನೀ ಕಂಡಿ. ಕೈ ಮ್ಯಾಲೆ ಎತ್ತಿದ್ದಿ, ಏಣಿ ಹಿಡ್ಯಾಕ ಎತ್ತತಿದ್ದೆಲ್ಲ, ಹಂಗ. ತಂತಿ ಬಿಟ್ಟಿದ್ರ ಬೋಟ್ ನಿಲ್ಲತಿತ್ತು. ಬಿಡಲಿಲ್ಲ.”

“ಯಾಕ?”

“ನಂದೀಶ ಹೆಂಗೂ ಹತ್ತತಾನ ಅನಿಸ್ತು.”

ನಂದೀಶ ಶೇಂಗಾ ಸುಲಿಯತೊಡಗಿದ. ತಿನ್ನಲಿಲ್ಲ. ಒಂದೊಂದೇ ಸುಲಿದು ಚಾಪೆಯ ಮೇಲೆ ಸಾಲಾಗಿ ಇಟ್ಟ. ನಜಮಾ ಬಾಗಿಲಿಗೆ ಒರಗಿ ನಿಂತಿದ್ದಳು. ಇನಾಯತ ಎಣಿಸಬಾರದೆಂದುಕೊಂಡೂ ಕಾಳುಗಳನ್ನು ಎಣಿಸಿದ. ಹನ್ನೊಂದಾದ ಮೇಲೆ ನಂದೀಶ ಕೈ ಝಾಡಿಸಿದ.

“ನೀರು ಭಾಳ ತಣ್ಣಗಿತ್ತು ಉಸ್ತಾದ,” ಎಂದ. ನಳದ ಹತ್ತಿರ ಹೇಳಿದ ಕಥೆಯಲ್ಲಿ ಈ ಮಾತು ಇರಲಿಲ್ಲ. ಆಮೇಲೆ ಕಾಗದದ ಕಡೆ ಬೆರಳು ತೋರಿಸಿ, “ತಂತಿ ಬಿಡಲಿಲ್ಲ ಅನ್ನೂದನ್ನೂ ಬರೀರಿ” ಎಂದ.

“ಬರೀತೇನಿ.”

“ಹತ್ತತಾನ ಅನಿಸ್ತಂತ!” ನಂದೀಶ ಒಮ್ಮೆಲೆ ನಜಮಾಳ ಕಡೆ ತಿರುಗಿದ. “ಕೇಳಿದೇನವಾ? ಕೆಳಗ ಅಷ್ಟುದ್ದ ಸಮುದ್ರ, ನಾ ನಾಕು ಹೆಜ್ಜಿ ಓಡಿ ಹತ್ತಬೇಕಂತ!” ಅವನ ಹೊಟ್ಟೆ ಕುಲುಕತೊಡಗಿತು. ಅದು ನಗುವೋ ಅಳುವೋ ಎಂದು ಇನಾಯತ ನೋಡುತ್ತಲೇ ಇದ್ದ; ನಗುವೇ. ಕಣ್ಣಲ್ಲಿ ನೀರೂ ಇತ್ತು. “ಬಡದಾವ ನಾನು, ಎರಡ ಬಡದೆ. ಒಂದ ಬಡೀಬೇಕಿತ್ತು. ಕೈಗೆ ಅದ ರೂಢಿ ಆಗಿತ್ತಲ್ರಿ.”

“ನಿಂದೇನ ತಪ್ಪಿಲ್ಲ.”

“ಇಲ್ಲ ಮತ್ತ! ನಂದೈತಿ ಅಂತ ಎಲ್ಲಿ ಅಂದೆ?” ಎಂದು ನಂದೀಶ ಗದರಿದ. ಐದು ವರ್ಷ ಟ್ರ್ಯಾಕ್ಸಿನಲ್ಲಿ, ಮೂರು ವರ್ಷ ಸಮುದ್ರದಲ್ಲಿ, ಒಂದು ದಿನವೂ ಅವನು ಉಸ್ತಾದನಿಗೆ ಗದರಿದವನಲ್ಲ. ಇನಾಯತನಿಗೆ ಒಂಥರಾ ಹಾಯೆನ್ನಿಸಿತು.

ಕಾಗದದ ಕೆಳಗೆ ಎರಡು ಸಾಲು ಸೇರಿಸಿದ. ಮೇಲಿನ ತಾರೀಕು ತಿದ್ದಲಿಲ್ಲ. ಹೊಸ ಕಚೇರಿಗೆ ಕಳಿಸಲು ನಂದೀಶನ ಕೈಗೊಂದು ಪ್ರತಿ ಬರೆದುಕೊಟ್ಟ; ಮೂಲ ವಿಚಾರಣೆಯ ಅಧಿಕಾರಿಗೆ. ಲಕೋಟೆಯೊಳಗೆ ಕಾಗದ ಇಡುತ್ತ ನಜಮಾ, “ಬೋಟ್ ಕಸಗೊಂಡ್ರ ಟ್ರ್ಯಾಕ್ಸ್ ಹೊಡೀರಿ. ಪೈಪ್ ಹಿಡ್ಯಾಕಂತೂ ಬರೂದಿಲ್ಲ ನಿಮಗ” ಎಂದಳು. ಬೋಟು ಕಸಿದುಕೊಳ್ಳುವುದು ಖಂಡಿತವೆಂದು ಅವನಿಗೆ ತೋರುತ್ತಿತ್ತು. ಬಜಾರದ ದಾರಿಯಲ್ಲಿ ನಂದೀಶ ಅರ್ಧ ಹೆಜ್ಜೆ ಹಿಂದೆಯೇ ನಡೆದ. ಹಿಂದಿನಿಂದ ಅವನ ಚಪ್ಪಲಿಯ ಸದ್ದು ಬರುತ್ತಿದೆಯೋ ಇಲ್ಲವೋ ಎಂದು ಇನಾಯತ ಉದ್ದಕ್ಕೂ ಕೇಳುತ್ತಿದ್ದ.

ಅಂಚೆ ಕಚೇರಿಯಲ್ಲಿ ರಜಿಸ್ಟರು ಟಪಾಲು ಮೂರು ಗಂಟೆಯವರೆಗೆ. ಮೂರಕ್ಕೆ ಹನ್ನೆರಡು ಮಿನಿಟಿದ್ದಾಗ ನಂದೀಶನಿಗೆ ನೆನಪಾಯಿತು: ತನ್ನನ್ನು ಬಿಡಿಸಿದ ಕಾಗದದ ನಕಲನ್ನೂ ಒಳಗಿಡಬೇಕು, ಇಲ್ಲದಿದ್ದರೆ ಯಾವ ನಂದೀಶನೆಂದು ಅಧಿಕಾರಿಗೆ ಹೇಗೆ ತಿಳಿಯಬೇಕು. ಝರಾಕ್ಸಿನ ಅಂಗಡಿ ಎದುರಿಗೇ ಇತ್ತು, ಓಡಿದ. ಹೋದವನು ಬರಲೊಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಕೌಂಟರಿನ ಹಿಂದಿನ ಮನುಷ್ಯ ಲಕೋಟೆ ತೂಗಿ ನೋಡಿ, ಗಡಿಯಾರ ನೋಡಿ, “ಅಂಟಸ್ರಿ, ಹಾಕೂಣು” ಎಂದ.

“ಒಬ್ಬ ಬರಾವ ಇದ್ದಾನ.”

“ಇದ್ದಷ್ಟ ಹಾಕ್ರಿ. ಅದನ್ನ ನಾಳೆ ಕಳಸೀರಂತ.”

“ಬರತಾನ್ರಿ. ಇನ್ನೂ ಐದು ಮಿನಿಟ ಐತಿ.”

“ನಾ ಚೀಲ ಕಟ್ಟಬೇಕ್ರಿ. ಗಾಡಿ ಬರತೈತಿ.” ಆತ ಕೌಂಟರಿನ ಸಣ್ಣ ಕಿಟಕಿಯ ಹಲಗೆಗೆ ಕೈ ಹಾಕಿದ.

ಇನಾಯತ ತನ್ನ ಬಲಗೈಯನ್ನು ಮೊಳಕೈಯವರೆಗೆ ಕಿಟಕಿಯೊಳಗೆ ತೂರಿಸಿದ. ಹಲಗೆ ಇಳಿದು ತೋಳಿನ ಮೇಲೆ ನಿಂತಿತು. ಹಿಂದೆ ನಿಂತಿದ್ದ ನಾಲ್ಕು ಮಂದಿ ಗೊಣಗಿದರು, ಒಬ್ಬ, “ಇವರು ಬೋಟಿನ ಕ್ಯಾಪ್ಟನ್ ಅಲ್ಲೇನು, ಇವರಿಗೇನಾತು?” ಎಂದ. ಕೆಮ್ಮಿದ ಸದ್ದೂ ಕೇಳಿಸಿತು. ಅವನ ಕಿವಿ ಬಿಸಿಯಾದವು. “ಹತ್ತು ಮಿನಿಟಿನ ಕಾಯಿದೆ ಇದ್ರ ಹತ್ತು ಮಿನಿಟ ಕಾಯಬೇಕ್ರಿ,” ಎಂದ, ಚಹಾ ಕೇಳುವವನ ಹಾಗೆ. “ಅವನ ಪಾಳಿ ಐತಿ.”

“ತೋಳ ತಗೀರಿ ಯಜಮಾನ್ರ!”

“ತಗಿಯೂದಿಲ್ರಿ.”

ಹಲಗೆಯ ಅಂಚು ಚರ್ಮಕ್ಕೆ ಒತ್ತುತ್ತಿತ್ತು. ಅವನು ಬಾಗಿಲಿನ ಕಡೆ ತಿರುಗಿ ನೋಡುತ್ತ ನಿಂತ. ಬಿಸಿಲು, ಒಂದು ಎತ್ತಿನ ಬಂಡಿ, ಸೈಕಲ್ಲು, ಬಿಸಿಲು. ಆಮೇಲೆ ಬಿಸಿಲಿನಿಂದ ನಂದೀಶ ಕಾಣಿಸಿಕೊಂಡ, ಬರಿಗಾಲಲ್ಲಿ, ಚಪ್ಪಲಿ ಎಲ್ಲಿಯೋ ಬಿಟ್ಟು, ಬಿಸಿ ಹಾಳೆಯನ್ನು ತಲೆಯ ಮೇಲೆ ಬೀಸುತ್ತ. ಒಳಗೆ ಬಂದವನೇ ಉಸಿರು ಬಿಡಲೂ ಆಗದೆ ಕೌಂಟರಿನ ಮರದ ಮೇಲೆ ಅಂಗೈಯಿಂದ ಧಪ್ ಧಪ್ ಎಂದು ಎರಡು ಏಟು ಹಾಕಿದ.

ಇನಾಯತನ ಬಲಗಾಲು ನೆಲ ಒತ್ತಿತು. ಅವನು ಕದಲಲಿಲ್ಲ. ತೋಳು ಹಾಗೇ ಇಟ್ಟು ಎಡಗೈಯಿಂದ ಹಾಳೆ ತೆಗೆದುಕೊಂಡು, ಕೌಂಟರಿನ ಮೇಲೆ ಮಡಚಿ, ಲಕೋಟೆಯೊಳಗಿಟ್ಟು, ಒಳಗೆ ಎಲ್ಲ ಇದೆಯೋ ಎಂದು ಬೆರಳಿನಿಂದ ಒಂದು ಸಲ ಎಣಿಸಿ, ನಾಲಗೆಯಿಂದ ಅಂಟು ತೋಯಿಸಿ ಮುಚ್ಚಿದ. ನಂದೀಶನ ಮುಖ ನೋಡಿದ.

“ಹಾಕ್ರಿ,” ಎಂದ ನಂದೀಶ.

ಅವನು ಲಕೋಟೆಯನ್ನು ಒಳಗೆ ಕೊಟ್ಟು ತೋಳು ಹೊರಗೆಳೆದುಕೊಂಡ. ಅಂಚೆಯವನು ಗೊಣಗುತ್ತಲೇ ಮುದ್ರೆ ಒತ್ತಿ, ರಸೀದಿ ಹರಿದು ಕೊಟ್ಟು, ಲಕೋಟೆಯನ್ನು ಚೀಲದೊಳಗೆ ಎಸೆದು ಬಾಯಿ ಕಟ್ಟಿದ.